ಬಾರ್ಬಡೋಸ್‌ನಲ್ಲಿ ಎಂಟು ರಾತ್ರಿ: ಇಬ್ಬರ ಖರ್ಚಿಗೆ ನಾನು ಲೆಕ್ಕ ಹಾಕಿದ ಬಗೆ

ಕೆರಿಬಿಯನ್ ಪ್ರವಾಸದ ಲೆಕ್ಕವನ್ನು ಹೋಟೆಲ್ ಬಾಡಿಗೆಯಿಂದ ಶುರು ಮಾಡಿದರೆ ಬೆಂಗಳೂರಿನಿಂದ ಹೊರಡುವವರ ಲೆಕ್ಕ ತಪ್ಪುತ್ತದೆ. ನನ್ನ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ದ್ವೀಪಕ್ಕೆ ಕಾಲಿಡುವ ಮೊದಲೇ ಕೈಬಿಟ್ಟಿತ್ತು. ಹಾಗಾಗಿ ಮೊದಲು ದಾರಿ, ಆಮೇಲೆ ದ್ವೀಪ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬಾರ್ಬಡೋಸ್‌ನಲ್ಲಿ 90 ದಿನದವರೆಗೆ ವೀಸಾ ಬೇಡ. ಖುಷಿಯ ಸುದ್ದಿಯೇ, ಆದರೆ ಅರ್ಧ ಮಾತ್ರ. ಲಂಡನ್ ಹೀಥ್ರೂನಲ್ಲಿ ವಿಮಾನ ಬದಲಿಸುವುದಾದರೆ, ನಿಲ್ದಾಣದಿಂದ ಹೊರಗೆ ಹೋಗದಿದ್ದರೂ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ ಅಥವಾ ಕೆನಡಾದ ಚಾಲ್ತಿ ವೀಸಾ ಇದ್ದವರಿಗೆ ಕೆಲವು ಷರತ್ತಿನ ಮೇಲೆ ವಿನಾಯಿತಿ ಉಂಟು. ಹೀಥ್ರೂನಲ್ಲಿ ಇಳಿದು ಲಂಡನ್ನಿನದೇ ಇನ್ನೊಂದು ನಿಲ್ದಾಣವಾದ ಗ್ಯಾಟ್‌ವಿಕ್‌ನಿಂದ ಹತ್ತುವ ಟಿಕೆಟ್ ಅಗ್ಗವಾಗಿ ಕಾಣುತ್ತದೆ. ಅದಕ್ಕೆ ಗಡಿ ದಾಟುವ ಬೇರೆ ಬಗೆಯ ವೀಸಾ, ಕೋಚ್ ಬಾಡಿಗೆ, ಸೂಟ್‌ಕೇಸ್ ಎತ್ತಿ ಮತ್ತೆ ಚೆಕ್-ಇನ್ ಮಾಡುವ ಹೊತ್ತು, ಎಲ್ಲ ಸೇರಿಸಿ ನೋಡಿ. ಅಮೆರಿಕದ ದಾರಿ ಹಿಡಿದರೆ ಬರೀ ವಿಮಾನ ಬದಲಿಸಲೂ ಆ ದೇಶದ ವೀಸಾ ಕಡ್ಡಾಯ. ಎರಡು ಹಾರಾಟವೂ ಒಂದೇ ಬುಕಿಂಗ್‌ನಲ್ಲಿರಬೇಕು ಎಂಬುದು ನನ್ನ ನಿಯಮ. ಬೇರೆ ಬೇರೆ ಟಿಕೆಟ್ ಕೊಂಡು ಮೊದಲನೆಯದು ತಡವಾದರೆ ಎರಡನೆಯದರ ದುಡ್ಡು ಹೋದಂತೆಯೇ. ತಲೆಗೆ 1.4 ಲಕ್ಷದಂತೆ ಟಿಕೆಟ್‌ಗೆ 2.8 ಲಕ್ಷ, ಟ್ರಾನ್ಸಿಟ್ ವೀಸಾ ಮತ್ತು ಅದರ ಓಡಾಟಕ್ಕೆ 15,000 ಎತ್ತಿಟ್ಟೆ.

ಇನ್ನು ದ್ವೀಪದ ದುಡ್ಡು. ಬಾರ್ಬಡೋಸ್‌ನ ಡಾಲರ್ 1975ರಿಂದ ಅಮೆರಿಕದ ಡಾಲರ್‌ಗೆ ಕಟ್ಟಿಹಾಕಿದ್ದು: 2 ಬಾರ್ಬಡೋಸ್ ಡಾಲರ್‌ಗೆ 1 ಅಮೆರಿಕನ್ ಡಾಲರ್. ಕರಾರುವಾಕ್ಕಾದ ದರ ಇರುವುದರಿಂದ ಲೆಕ್ಕ ಸುಲಭ, ಎಡವಟ್ಟು ಅದಕ್ಕಿಂತ ಸುಲಭ. ಎರಡಕ್ಕೂ ಚಿಹ್ನೆ ಒಂದೇ. ಸೂಪರ್‌ಮಾರ್ಕೆಟ್‌ನಲ್ಲಿ ಬರೆದಿರುವುದು ಸ್ಥಳೀಯ ಡಾಲರ್, ದೋಣಿ ಸವಾರಿಯ ಜಾಹೀರಾತಿನಲ್ಲಿ ಹೆಚ್ಚಾಗಿ ಅಮೆರಿಕದ್ದು. ಟ್ಯಾಕ್ಸಿಗೆ ಮೀಟರ್ ಇಲ್ಲ. ಹತ್ತುವ ಮೊದಲು ಎಷ್ಟು ಎಂದು ಕೇಳಿದರೆ ಸಾಲದು, ಯಾವ ಡಾಲರ್ ಎಂದೂ ಕೇಳಬೇಕು. ಹಾಳೆಯಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇಟ್ಟೆ.

ಅಮೆರಿಕನ್ ಡಾಲರ್‌ಗೆ 90 ರೂಪಾಯಿ ಎಂದು ಹಿಡಿದು, ಮೇಲೆ ಕಾರ್ಡಿನ ಖರ್ಚು ಸೇರಿಸಿದೆ. ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಪಾವತಿಗೆ ಶೇ 3.5 ಮಾರ್ಕಪ್ (ಹೆಚ್ಚುವರಿ ಶುಲ್ಕ) ಹಾಕುತ್ತವೆ, ಆ ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ. ಒಟ್ಟು ಶೇ 4.13. ಹೀಗೆ ಲೆಕ್ಕದ ದರ 94, ಬಾರ್ಬಡೋಸ್ ಡಾಲರ್‌ಗೆ 47. ಅಮೆರಿಕನ್ ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡ್‌ನಿಂದ ಸ್ಥಳೀಯ ಡಾಲರ್‌ನಲ್ಲಿ ಪಾವತಿಸಿದರೆ ಕ್ರಾಸ್-ಕರೆನ್ಸಿ ಶುಲ್ಕ (ಒಂದು ಕರೆನ್ಸಿಯಿಂದ ಇನ್ನೊಂದಕ್ಕೆ ಬದಲಿಸುವ ಶುಲ್ಕ) ಬೀಳಬಹುದು, ಕೊಳ್ಳುವ ಮೊದಲೇ ಕೇಳಿ. ಅಂಗಡಿಯ ಕಾರ್ಡ್ ಯಂತ್ರ ರೂಪಾಯಿಯಲ್ಲಿ ಪಾವತಿಸುತ್ತೀರಾ ಎಂದರೆ ಬೇಡ ಅನ್ನಿ.

ವಸತಿಗೆ ವೆಬ್‌ಸೈಟ್‌ನಲ್ಲಿ ಕಂಡದ್ದು ರಾತ್ರಿಗೆ 120 ಅಮೆರಿಕನ್ ಡಾಲರ್. ಅದರ ಮೇಲೆ ವ್ಯಾಟ್, ಸರ್ವಿಸ್ ಚಾರ್ಜ್, ಕೊಠಡಿ ಲೆವಿ ಬರುತ್ತವೆ. ನಾನು ಶೇ 22 ಸೇರಿಸಿದೆ. 8 ರಾತ್ರಿಗೆ 1,171 ಡಾಲರ್, ಅಂದರೆ 1.10 ಲಕ್ಷ. ಅಡುಗೆಮನೆ ಇರುವ ಕೋಣೆಯನ್ನೇ ಹುಡುಕಿದೆ. ದಿನಸಿಯ ಬಹುಪಾಲು ಹಡಗಿನಲ್ಲಿ ಬರುವುದರಿಂದ ಅಗ್ಗವೇನಲ್ಲ, ಆದರೂ ಮೂರು ಹೊತ್ತು ಹೊರಗೆ ತಿನ್ನುವುದಕ್ಕಿಂತ ವಾಸಿ. ಸಸ್ಯಾಹಾರಿಗಳಿಗಂತೂ ಒಲೆ ಬೇಕೇ ಬೇಕು. ಇಲ್ಲದಿದ್ದರೆ ಮ್ಯಾಕರೋನಿ ಪೈ ಮತ್ತು ಆಲೂಗಡ್ಡೆ ರೋಟಿಯಲ್ಲೇ ದಿನ ನೂಕಬೇಕು. ನಲ್ಲಿ ನೀರು ಹವಳದ ಸುಣ್ಣಕಲ್ಲಿನ ಮೂಲಕ ಸೋಸಿ ಬಂದದ್ದು, ಧಾರಾಳವಾಗಿ ಕುಡಿಯಬಹುದು. ಬಾಟಲಿ ನೀರಿನ ಸಾಲನ್ನೇ ಹೊಡೆದುಹಾಕಿದೆ. ಕಡಲತೀರಗಳೆಲ್ಲ ಸಾರ್ವಜನಿಕ, ಪ್ರವೇಶಕ್ಕೆ ಕಾಸಿಲ್ಲ. ಇಬ್ಬರ ಊಟಕ್ಕೆ ದಿನಕ್ಕೆ 130 ಸ್ಥಳೀಯ ಡಾಲರ್, ಎಂಟು ದಿನಕ್ಕೆ 49,000 ರೂಪಾಯಿ.

ಬಸ್ಸು ಎಲ್ಲಿಗೆ ಹೋದರೂ 3.50 ಸ್ಥಳೀಯ ಡಾಲರ್. ಹಳದಿ ಪಟ್ಟಿಯ ನೀಲಿ ಬಸ್ಸು ಸರ್ಕಾರದ್ದು, ಚಿಲ್ಲರೆ ವಾಪಸು ನಿರೀಕ್ಷಿಸಬೇಡಿ. ನೀಲಿ ಪಟ್ಟಿಯ ಹಳದಿ ಮಿನಿಬಸ್ಸು ಮತ್ತು ಕೆಂಗಂದು ಪಟ್ಟಿಯ ಬಿಳಿ ವ್ಯಾನಿನವರು ಕೊಡುತ್ತಾರೆ. ಪಶ್ಚಿಮ, ದಕ್ಷಿಣ ಕರಾವಳಿಗೆ ಬಸ್ಸೇ ಸಾಕು. ಬತ್‌ಶೀಬಾ ಕಡೆಯ ಪೂರ್ವ ತೀರಕ್ಕೆಂದು ಎರಡು ದಿನ ಕಾರು ಇಟ್ಟೆ. ಚಾಲನೆ ನಮ್ಮಂತೆಯೇ ಎಡಗಡೆ, ವಿಸಿಟರ್ ಪರ್ಮಿಟ್‌ಗೆ 10 ಸ್ಥಳೀಯ ಡಾಲರ್. ಇಂಧನ, ವಿಮಾನ ನಿಲ್ದಾಣದ ಟ್ಯಾಕ್ಸಿ ಸೇರಿ ಓಡಾಟ 31,000. ಹ್ಯಾರಿಸನ್ಸ್ ಗುಹೆ ಮತ್ತು ಒಂದು ಕ್ಯಾಟಮರಾನ್ (ಜೋಡಿ ಒಡಲಿನ ದೋಣಿ) ಸವಾರಿಗೆ 33,000, ವಿಮೆಗೆ 6,000.

ಒಟ್ಟು 5.24 ಲಕ್ಷ. ಇದರಲ್ಲಿ ಟಿಕೆಟ್, ವೀಸಾ 2.95 ಲಕ್ಷ. ಒಂದು ರಾತ್ರಿ ಹೆಚ್ಚು ಉಳಿದರೆ ಕೋಣೆ, ಊಟ, ಬಸ್ಸು ಸೇರಿ ಸುಮಾರು 21,000 ಅಷ್ಟೇ. ಅಷ್ಟು ದೂರ ಹೋಗಿ ಐದು ದಿನಕ್ಕೆ ವಾಪಸಾಗುವುದು ಉಳಿತಾಯದಂತೆ ಕಾಣುತ್ತದೆ, ದಿನದ ಲೆಕ್ಕದಲ್ಲಿ ದುಬಾರಿ.

ಹತ್ತಿರವೇ ಇದೆಯಲ್ಲ ಎಂದು ಇನ್ನೊಂದು ದ್ವೀಪ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ದ್ವೀಪಗಳ ನಡುವಿನ ಟಿಕೆಟ್‌ನಲ್ಲಿ ತೆರಿಗೆಯ ಪಾಲೇ ದೊಡ್ಡದು. ಸೇಂಟ್ ಲೂಸಿಯಾದಿಂದ ದೋಣಿ ಹೋಗುವ ಮಾರ್ಟಿನೀಕ್ ಫ್ರಾನ್ಸಿನ ಭಾಗ, ಆದರೆ ಯುರೋಪಿನ ಸಾಮಾನ್ಯ ಶೆಂಗೆನ್ ವೀಸಾ ಅಲ್ಲಿಗೆ ತಾನಾಗಿ ಅನ್ವಯಿಸದು. ಡಬಲ್ಸ್ ಎಂಬ ಕಡಲೆಯ ತಿಂಡಿ ತಿನ್ನಲು ಟ್ರಿನಿಡಾಡ್‌ಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು. ಪ್ರಮಾಣಪತ್ರವಿಲ್ಲದೆ ಅಲ್ಲಿಂದ ನೇರ ಭಾರತಕ್ಕೆ ಇಳಿದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು.

ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಬಾಡಿಗೆ ಏರುತ್ತದೆ. ಅಗ್ಗದ ತಿಂಗಳುಗಳೆಂದರೆ ಹೆಚ್ಚಾಗಿ ಚಂಡಮಾರುತದ ಕಾಲ, ಜೂನ್ 1ರಿಂದ ನವೆಂಬರ್ 30. ಬಾರ್ಬಡೋಸ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ 2024ರ ಜೂನ್ 29ರಂದು ಟಿ20 ವಿಶ್ವಕಪ್ ಗೆದ್ದ ದ್ರಾವಿಡ್ ಬಳಗವೇ ಬೆರಿಲ್ ಚಂಡಮಾರುತದಿಂದ ನಿಲ್ದಾಣ ಮುಚ್ಚಿ ದ್ವೀಪದಲ್ಲೇ ಸಿಕ್ಕಿಕೊಂಡಿತ್ತು. ಅವರಿಗೆ ವಿಶೇಷ ವಿಮಾನ ಬಂತು, ನಮಗೆ ಬರುವುದಿಲ್ಲ. ಒಟ್ಟಿನ ಮೇಲೆ ನಾನು ಇಟ್ಟ ಶೇ 10ರ ಆಪದ್ಧನ, 52,000 ರೂಪಾಯಿ, ಎರಡು ಹೆಚ್ಚುವರಿ ರಾತ್ರಿಗೆ ಸಾಕಾಗುವಷ್ಟು. ವಿಮೆ ಕೊಳ್ಳುವಾಗ ಚಂಡಮಾರುತಕ್ಕೆ ಹೆಸರಿಡುವ ಮೊದಲೇ ಕೊಳ್ಳಬೇಕು. ಹೆಸರು ಬಂದ ಮೇಲೆ ಕೊಂಡದ್ದಕ್ಕೆ ಸಾಮಾನ್ಯವಾಗಿ ಪರಿಹಾರ ಸಿಗದು.

ಬ್ಯಾಗಿನಲ್ಲಿ ಮಿಲಿಟರಿ ಚಿತ್ತಾರದ ಬಟ್ಟೆ ಬೇಡ, ಮಕ್ಕಳದ್ದೂ ಸೇರಿ ಅಲ್ಲಿ ಅದಕ್ಕೆ ಕಾನೂನಿನ ನಿಷೇಧ. ಸ್ಥಳೀಯ ನೋಟನ್ನು ಬೆಂಗಳೂರಿನಲ್ಲಿ ಬದಲಿಸಿಕೊಡುವವರು ಸಿಗುವುದಿಲ್ಲ. ಕೊನೆಯ ಬೆಳಗ್ಗೆ ಟ್ಯಾಕ್ಸಿಗೆ ಬೇಕಾದ 60 ಸ್ಥಳೀಯ ಡಾಲರ್ ಇಟ್ಟುಕೊಂಡು, ಮಿಕ್ಕ ನೋಟು ಚಿಲ್ಲರೆಯನ್ನೆಲ್ಲ ಕೋಣೆಯ ಬಿಲ್ಲಿಗೆ ಕೊಟ್ಟು, ಬಾಕಿಯನ್ನಷ್ಟೇ ಕಾರ್ಡ್‌ನಲ್ಲಿ ಕಟ್ಟುವುದು.