ಒರಗು ಸೈಕಲ್ಲಿನ ಉದ್ದ ಚೈನು: ಮನೆಯಲ್ಲೇ ಬದಲಿಸುವುದು ಹೇಗೆ?

ಹಳೇ ಚೈನನ್ನು ಸರ್ರನೆ ಎಳೆದು ಬಿಸಾಡಬೇಡಿ. ಒರಗಿ ಕೂತು ತುಳಿಯುವ ರಿಕಂಬೆಂಟ್ ಸೈಕಲ್ಲಿಗೆ ಕೈ ಹಾಕುವ ಮೊದಲು ಇದೊಂದು ನೆನಪಿರಲಿ. ಇದರಲ್ಲಿ ಪೆಡಲ್ ತೀರಾ ಮುಂದೆ, ಗೇರು ತೀರಾ ಹಿಂದೆ. ನಡುವೆ ಚೈನು ಪ್ಲಾಸ್ಟಿಕ್ ಕೊಳವೆಯಲ್ಲಿ ನುಸುಳಿ, ಐಡ್ಲರ್ ಪುಲ್ಲಿಯನ್ನು (ಚೈನಿಗೆ ದಾರಿ ತೋರಿಸುವ ಚಿಕ್ಕ ಗಾಲಿ) ಹಾದು ಹೋಗುತ್ತದೆ. ಆ ದಾರಿ ಹಳೇ ಚೈನಿಗೆ ಗೊತ್ತು, ಅದರ ತುದಿಗೆ ಕಟ್ಟಿಯೇ ಹೊಸದನ್ನು ಒಳಗೆ ಎಳೆದುಕೊಳ್ಳಬೇಕು.

ಚೈನು ಸವೆದಿದೆಯಾ ಎಂದು ನೋಡಲು ಸ್ಕೇಲ್ ಸಾಕು. ಒಂದು ಪಿನ್ನಿನ ನಡುವನ್ನು ಸೊನ್ನೆಗೆ ಹಿಡಿದು 24 ಕೊಂಡಿ ಎಣಿಸಿ (ಒಂದು ಪಿನ್ನಿನಿಂದ ಮುಂದಿನ ಪಿನ್ನಿನವರೆಗೆ ಒಂದು ಕೊಂಡಿ). ಹೊಸ ಚೈನಾದರೆ ಅಲ್ಲಿನ ಪಿನ್ನು ಸರಿಯಾಗಿ 12 ಇಂಚಿನ ಗೆರೆ ಮೇಲಿರುತ್ತದೆ. ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಬದಲಿಸಿ. 3 ಮಿಲಿಮೀಟರ್ ಆಗುವ ತನಕ ಕಾದರೆ ಹಿಂದಿನ ಗೇರಿನ ಹಲ್ಲೂ ಸವೆಯುತ್ತದೆ. ಆಮೇಲೆ ಹೊಸ ಚೈನು ಹಾಕಿದರೂ ಜೋರಾಗಿ ತುಳಿದಾಗ ಜಾರುತ್ತದೆ.

ಸಾಮಾನ್ಯ ಸೈಕಲ್ಲಿಗೆ ಒಂದು ಚೈನು ಸಾಕು. ಇದಕ್ಕೆ ಎರಡೋ ಮೂರೋ ಬೇಕು. ನಿಮ್ಮ ಗೇರಿನ ಸಂಖ್ಯೆಗೆ ಹೊಂದುವ ಚೈನುಗಳನ್ನೇ ತಂದು, ಅದೇ ಅಳತೆಯ ಕ್ವಿಕ್ ಲಿಂಕ್ (ಬಿಚ್ಚಿ ಹಾಕಬಹುದಾದ ಜೋಡಣೆ ಕೊಂಡಿ) ಹಾಕಿ ಒಂದಕ್ಕೊಂದು ಜೋಡಿಸಿ. ಒಟ್ಟು ಎಷ್ಟು ಕೊಂಡಿ ಎಂದು ಎಣಿಸಿ ಬರೆದಿಟ್ಟುಕೊಳ್ಳಿ.

ಹಳೇ ಚೈನನ್ನು ಮೊದಲು ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಅದರ ಕೊಳೆ ಕೊಳವೆಯಲ್ಲೇ ಉಳಿಯುತ್ತದೆ. ಹಿಂದಿನ ಚಕ್ರ ನೆಲ ಬಿಟ್ಟು ತಿರುಗುವಂತೆ ಸೈಕಲ್ ನಿಲ್ಲಿಸಿ, ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ. ಪೆಡಲ್ ಕಡೆಯಿಂದ ಹಿಂದಕ್ಕೆ ಬರುವ ಸಡಿಲ ಭಾಗದಲ್ಲಿ ಕ್ವಿಕ್ ಲಿಂಕ್ ಬಿಚ್ಚಿ. ಡಿರೇಲರ್ (ಹಿಂದೆ ಗೇರು ಬದಲಿಸುವ ಸಾಧನ) ಕಡೆಗೆ ಹೋಗುವ ತುದಿಗೆ ಹೊಸ ಚೈನು ಕಟ್ಟಿ, ಇನ್ನೊಂದು ತುದಿಯನ್ನು ಮೆಲ್ಲಗೆ ಎಳೆಯಿರಿ. ಹೊಸದು ಗೇರು, ಪುಲ್ಲಿ, ಕೊಳವೆ ಎಲ್ಲವನ್ನೂ ತಾನಾಗೇ ದಾಟಿ ಬರುತ್ತದೆ. ಎಲ್ಲಾದರೂ ಬಿಗಿಯಾಯಿತು ಅನಿಸಿದರೆ ಜಗ್ಗಬೇಡಿ, ಸ್ವಲ್ಪ ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಿರಿ.

ಇನ್ನು ಕತ್ತರಿಸುವುದು. ಜಾಸ್ತಿ ಜನ ಎಡವುವುದು ಇಲ್ಲೇ. ಹಳೇದರ ಪಕ್ಕ ಹೊಸದನ್ನು ಇಟ್ಟು ಉದ್ದ ಅಳೆಯಬೇಡಿ, ಕೊಂಡಿ ಎಣಿಸಿ. 300 ಕೊಂಡಿಯ ಚೈನು ನೂರಕ್ಕೆ ಒಂದು ಪಾಲು ಹಿಗ್ಗಿದರೂ ಮೂರು ಕೊಂಡಿಯಷ್ಟು ವ್ಯತ್ಯಾಸ ಬರುತ್ತದೆ. ಅಳತೆ ನಂಬಿದರೆ ಹೊಸ ಚೈನು ಅಷ್ಟು ಉದ್ದವಾಗಿ ಜೋಲಾಡುತ್ತದೆ. ಹಳೇದನ್ನು ನೆಲದ ಮೇಲೆ ಹಾಸಿ, ಇಪ್ಪತ್ತು ಕೊಂಡಿಗೊಮ್ಮೆ ಸೀಮೆಸುಣ್ಣದ ಗುರುತು ಹಾಕುತ್ತಾ ಎಣಿಸಿದರೆ ಲೆಕ್ಕ ತಪ್ಪುವುದಿಲ್ಲ. ಕ್ವಿಕ್ ಲಿಂಕುಗಳೂ ಲೆಕ್ಕಕ್ಕೆ ಬರಬೇಕು. ಹಳೇದು 290, ನೀವು ಜೋಡಿಸಿದ್ದು 342 ಎಂದಿದ್ದರೆ 52 ಕೊಂಡಿ ತೆಗೆಯಿರಿ. ಪಿನ್ನು ತಳ್ಳಲು ಚೈನ್ ಟೂಲ್ ಬೇಕೇ ಬೇಕು. ಸುತ್ತಿಗೆ, ಮೊಳೆ ತರಬೇಡಿ, ಕೊಂಡಿ ಸೊಟ್ಟಗಾಗುತ್ತದೆ.

ಕೊನೇ ಕ್ವಿಕ್ ಲಿಂಕ್ ಕೂರಿಸಿ, ಅದು ಬಿಗಿ ಭಾಗಕ್ಕೆ ಬರುವ ತನಕ ಪೆಡಲ್ ತಿರುಗಿಸಿ. ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಕೈಯಿಂದ ಜೋರಾಗಿ ಒತ್ತಿದರೆ ಅದು ಟಕ್ಕೆಂದು ಕೂರುತ್ತದೆ. ಆಮೇಲೆ ಎಲ್ಲ ಗೇರುಗಳಲ್ಲೂ ಒಂದೊಂದು ಸುತ್ತು ತಿರುಗಿಸಿ. ಐಡ್ಲರಿನ ಹಲ್ಲು ಚೂಪಾಗಿದ್ದರೆ ಅದನ್ನೂ ಈಗಲೇ ಬದಲಿಸಿ. ಕೊಳವೆಯ ಬಾಯಿಗೆ ಚೈನು ಉಜ್ಜುತ್ತಿದ್ದರೆ ಕೊಳವೆಯನ್ನು ಚೂರು ಸರಿಸಿ ಕಟ್ಟಿ.