ನಮ್ಮ ರಿಮೋಟ್ ಟೀಮನ್ನ ಸಕಲೇಶಪುರಕ್ಕೆ ಕರ್ಕೊಂಡ್ ಹೋದ ಕಥೆ

ನಮ್ದು 17 ಜನರ ಟೀಮು, ಆಫೀಸ್ ಅಂತ ಒಂದು ಇಲ್ವೇ ಇಲ್ಲ. ಆರು ಜನ ಬೆಂಗಳೂರು, ಇಬ್ರು ಹುಬ್ಬಳ್ಳಿ, ಮೈಸೂರು ಉಡುಪೀಲಿ ಒಬ್ಬೊಬ್ರು, ಮಿಕ್ಕೋರು ಪುಣೆ, ಕೊಚ್ಚಿ, ಇಂದೋರ್, ಗುವಾಹಟಿ ಅಂತ ಚೆಲ್ಲಾಪಿಲ್ಲಿ. ಎರಡು ವರ್ಷ ಆದ್ಮೇಲೆ ನಮ್ ಬಾಸ್‌ಗೆ ಎಲ್ಲರೂ ಒಂದ್ಸಲ ಮುಖಾಮುಖಿ ಸೇರ್ಬೇಕು ಅನ್ನಿಸ್ತು, ಇವ್ನು ಕನ್ನಡದವನು ಮಲೆನಾಡೆಲ್ಲ ಗೊತ್ತಿರತ್ತೆ ಅಂತ ಪೂರ್ತಿ ಜವಾಬ್ದಾರಿ ನನ್ ತಲೆಗೆ ಕಟ್ಟಿದ್ರು. ನಾನು ಹುಟ್ಟಿ ಬೆಳೆದಿದ್ದು ತುಮಕೂರಲ್ಲಿ, ಇರ್ಲಿ ಬಿಡಿ.

ಮೊದ್ಲು ಜುಲೈ ಅಂದ್ರು. ಬೇಡ್ವೇ ಬೇಡ ಅಂದೆ. ಆ ಕಡೆ ಮಳೆ ಹಿಡೀತು ಅಂದ್ರೆ ಬಿಡಲ್ಲ, ಶಿರಾಡಿ ಘಾಟಲ್ಲಿ ಗುಡ್ಡ ಜರಿದ್ರೆ ರಸ್ತೆ ಬಂದ್, ತೋಟಕ್ಕೆ ಕಾಲಿಟ್ರೆ ಇಂಬಳ. ಕೊನೆಗೆ ನವೆಂಬರ್ ಕೊನೇ ವಾರ ಫಿಕ್ಸ್ ಆಯ್ತು, ಅದೂ ಮಂಗಳವಾರದಿಂದ ಗುರುವಾರ. ವೀಕೆಂಡ್ ಅಲ್ಲದೇ ಇದ್ರೆ ಹೋಮ್‌ಸ್ಟೇ ರೇಟಲ್ಲಿ ಚೌಕಾಸಿ ಮಾಡ್ಬಹುದು, ಮತ್ತೆ ಜನರ ಶನಿವಾರ ಭಾನುವಾರ ಕಿತ್ಕೊಂಡು ಬಾಂಡಿಂಗ್ ಮಾಡ್ಕೊಳ್ಳಿ ಅನ್ನೋದು ನನ್ ಕೈಲಾಗಲ್ಲ.

ನಾನು ಮಾಡಿದ್ರಲ್ಲಿ ಸರಿಯಾಗಿದ್ದು ಅಂದ್ರೆ ಒಂದು ಗೂಗಲ್ ಫಾರ್ಮ್. ಬಸ್ಸಲ್ಲಿ ವಾಂತಿ ಆಗತ್ತಾ, ಈರುಳ್ಳಿ ಬೆಳ್ಳುಳ್ಳಿ ತಿಂತೀರಾ, ಗೊರಕೆ ಹೊಡೀತೀರಾ, ಯಾರ ಜೊತೆ ರೂಮ್ ಬೇಡ (ಇದರ ಉತ್ತರ ನಾನೊಬ್ನೇ ನೋಡ್ತೀನಿ ಅಂತ ಬರ್ದಿದ್ದೆ). ಗೊರಕೆ ಹೌದು ಅಂತ ಒಪ್ಕೊಂಡಿದ್ದು ಇಬ್ರು, ಹೊಡೆದಿದ್ದು ಏಳು ಜನ.

ತಪ್ಪಾಗಿದ್ದು ಮೊದಲ್ನೇ ದಿನ. ಏರ್‌ಪೋರ್ಟಿಂದ ಸಕಲೇಶಪುರ ಹತ್ರ ಹತ್ರ 250 ಕಿಲೋಮೀಟರ್, ಬೆಳಗಿನ ಜಾವದ ಫ್ಲೈಟ್ ಹಿಡಿದು ಬಂದೋರನ್ನ ಅಲ್ಲಿಂದ್ಲೇ ಟೆಂಪೋ ಟ್ರಾವೆಲರ್‌ಗೆ ತುಂಬಿ, ನೆಲಮಂಗಲ ದಾಟಿ ತಿಂಡಿ, ಹಾಸನದಲ್ಲಿ ಊಟ, ತಲುಪಿದಾಗ ಮಧ್ಯಾಹ್ನ ಮೂರು. ನಾನ್ ಮಹಾನುಭಾವ ಮೂರೂವರೆಗೆ ಮುಂದಿನ ವರ್ಷದ ಪ್ಲಾನಿಂಗ್ ಇಟ್ಟಿದ್ದೆ! ಎರಡನೇ ಸ್ಲೈಡಿಗೆ ಪುಣೆ ಹುಡುಗಿ ಕೂತಲ್ಲೇ ತೂಕಡಿಸ್ತಾ ಇದ್ಲು, ಪ್ರೊಜೆಕ್ಟರ್ ಆಫ್ ಮಾಡಿ ಎಲ್ರೂ ಮಲಗಿ ಅಂದ್ಬಿಟ್ಟೆ. ದೂರದಿಂದ ಬರೋರಿಗೆ ಹಿಂದಿನ ರಾತ್ರಿ ಬೆಂಗಳೂರಲ್ಲೇ ರೂಮ್ ಮಾಡಿದ್ರೆ ಎಷ್ಟು ಖರ್ಚಾಗ್ತಿತ್ತೋ ಅದಕ್ಕಿಂತ ಹೆಚ್ಚು ಆ ಅರ್ಧ ದಿನ ಹಾಳಾಗಿದ್ರಲ್ಲಿ ಹೋಯ್ತು. ಉಡುಪಿಯವ್ರು ಮಾತ್ರ ತಮ್ ಪಾಡಿಗೆ ಮಂಗಳೂರಿಂದ ಬಸ್ ಹತ್ತಿ ಘಾಟಿ ಏರಿ ಬಂದು, ನಾವು ಬರೋಷ್ಟ್ರಲ್ಲಿ ಸ್ನಾನ ಮುಗಿಸಿ ಜಗಲೀಲಿ ಕಾಫಿ ಕುಡೀತಾ ಕೂತಿದ್ರು.

ಆಮೇಲೆ ನೆಟ್‌ವರ್ಕು. ಒಂದು ತಿಂಗ್ಳು ಮುಂಚೆ ನಾನೇ ಬೈಕಲ್ಲಿ ಹೋಗಿ ನೋಡ್ಕೊಂಡ್ ಬಂದಿದ್ದೆ, ವಿಡಿಯೋ ಕಾಲ್ ಮಾಡಿ ಚೆಕ್ ಮಾಡಿದ್ದೆ, ಚೆನ್ನಾಗೇ ಬಂದಿತ್ತು. ಆದ್ರೆ ಅವತ್ತು ಕರೆಂಟ್ ಇತ್ತು. ಬುಧವಾರ ಬೆಳಗ್ಗೆ ಲೈನ್ ಮೇಲೆ ಮರದ ಕೊಂಬೆ ಬಿದ್ದು ಕರೆಂಟ್ ಹೋಯ್ತು, ಸ್ವಲ್ಪ ಹೊತ್ತಿಗೆ ಟವರೂ ಮಲಗ್ತು. ಯಜಮಾನ್ರನ್ನ ಕೇಳಿದ್ರೆ "ಕರೆಂಟ್ ಹೋದ್ರೆ ಟವರೂ ಹೋಗ್ತದಲ್ಲ ಸಾರ್, ನೀವ್ ಕೇಳ್ಲೇ ಇಲ್ಲ" ಅಂದ್ರು. ನಿಜ, ಕೇಳಿರ್ಲಿಲ್ಲ. ತುರ್ತು ಕೆಲ್ಸ ಬಂದ್ರೆ ನೋಡ್ಕೊಳ್ಳೋ ಆನ್‌ಕಾಲ್ ಡ್ಯೂಟೀಲಿದ್ದ ಹುಡುಗನ್ನ ಅವರ ಜೀಪಲ್ಲೇ ಪೇಟೆಗೆ ಕಳ್ಸಿ ಒಂದು ಲಾಡ್ಜಲ್ಲಿ ಕೂರ್ಸಿದ್ವಿ, ಪಾಪ ರಾತ್ರಿ ವಾಪಸ್ ಬಂದ.

ಕರೆಂಟಿಲ್ದೇ ಇದ್ದಿದ್ದಕ್ಕೆ ಶೀಟಲ್ಲಿದ್ದ ಸೆಷನ್‌ಗಳೆಲ್ಲ ಮಣ್ಣು ತಿಂದ್ವು. ಜನ ಅಲ್ಲಲ್ಲೇ ಕೂತು ಮಾತಾಡಿದ್ರು. ಗುವಾಹಟಿ ಹುಡುಗ ಟೀಮ್ ಕಾಲ್‌ನಲ್ಲಿ ಬಾಯೇ ಬಿಡೋನಲ್ಲ, ಸಂಜೆ ಏನಾದ್ರೂ ಕೇಳಿದ್ರೆ ಹ್ಞೂಂ ಉಹ್ಞೂಂ ಅಷ್ಟೇ, ಅವನಿಗೆ ಕೆಲ್ಸದಲ್ಲಿ ಆಸಕ್ತಿ ಇಲ್ಲ ಅಂತ ನಾನೇ ಒಂದೆರಡು ಸಲ ಬಾಸ್ ಹತ್ರ ಹೇಳಿದ್ದೆ. ಮಧ್ಯಾಹ್ನ ಊಟಕ್ಕೆ ಮನೆ ಅಕ್ಕ ಕಡುಬು, ಕೋಳಿ ಸಾರಿನ ಜೊತೆ ಕಳಲೆ ಉಪ್ಪಿನಕಾಯಿ ಬಡಿಸಿದ್ರು. ಬೆಂಗಳೂರಿನೋರು ಮೂಗು ಮುಚ್ಕೊಂಡ್ರು. ಇವ್ನು ವಾಸನೆಗೇ ತಲೆ ಎತ್ತಿ ನೋಡಿ, ಎಲೆ ಬಿಟ್ಟೆದ್ದು ಸೀದಾ ಅಡುಗೆಮನೆಗೆ ಹೋದ. ಅವರ ಕಡೆನೂ ಎಳೇ ಬಿದಿರನ್ನ ಹುಳಿ ಬರ್ಸಿ ತಿಂತಾರಂತೆ, ಖೋರಿಸಾ ಅಂತ. ಅಕ್ಕಂಗೆ ಹಿಂದಿ ಬರಲ್ಲ, ಇವ್ನಿಗೆ ಕನ್ನಡ ಬರಲ್ಲ, ಅರ್ಧ ಗಂಟೆ ಇಬ್ರೂ ಭರಣಿ ಮುಂದಿಟ್ಕೊಂಡು ಕೈಸನ್ನೇಲೇ ಮಾತಾಡಿದ್ರು.

ಅವತ್ತು ಸಂಜೆ ಕಾಫಿ ಕಣದಲ್ಲಿ ಕೂತಾಗ ಅವ್ನೇ ಬಾಯ್ಬಿಟ್ಟ. ಅವರೂರಲ್ಲಿ ಈ ಟೈಮಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗ್ತಾನೆ, ಬೆಳಕೂ ಅಷ್ಟೇ ಬೇಗ, ಹಾಗಾಗಿ ಇವ್ನು ಏಳಕ್ಕೆಲ್ಲ ಲ್ಯಾಪ್‌ಟಾಪ್ ತೆಗ್ದು ಕೂತಿರ್ತಾನೆ, ಡೌಟ್ ಬಂದ್ರೆ ಬೆಂಗಳೂರಿನ ನಾವು ಹತ್ತೂವರೆಗೆ ಎದ್ದು ಬರೋ ತನಕ ಕಾಯ್ಬೇಕು, ನಮ್ಮ ಆರು ಗಂಟೆ ರಿವ್ಯೂ ಕಾಲ್ ಬರೋಷ್ಟ್ರಲ್ಲಿ ಅವ್ನಿಗೆ ಕತ್ತಲಾಗಿ ಒಂದೂವರೆ ಗಂಟೆ ಆಗಿರತ್ತೆ, ತಲೆ ಓಡಲ್ಲ. ಗಡಿಯಾರ ಒಂದೇ ಅಲ್ವಾ ಅಂತ ಎರಡು ವರ್ಷ ನಮಗ್ಯಾರಿಗೂ ಹೊಳೀಲೇ ಇಲ್ಲ. ನಂಗೆ ಮುಖ ಎಲ್ಲಿಟ್ಕೊಳ್ಳೋದು ಗೊತ್ತಾಗ್ಲಿಲ್ಲ, ಬಾಸ್ ಹತ್ರ ಹೇಳಿದ್ನಲ್ಲ.

ರಿವ್ಯೂ ಕಾಲ್ ಈಗ ಮೂರು ಗಂಟೆಗೆ. ಬೆಳಗ್ಗೆ ಒಂಬತ್ತಕ್ಕೆ ಸರದಿ ಮೇಲೆ ನಮ್ಮಲ್ಲೊಬ್ರು ಲಾಗಿನ್ ಆಗಿರ್ಬೇಕು. ಇನ್ನು ಹೋಮ್‌ಸ್ಟೇ ಬಿಲ್ಲು, ಕಾರ್ಬನ್ ಹಾಳೆ ಇಟ್ಟು ಕೈಯಲ್ಲಿ ಬರ್ದು ಕೊಟ್ಟಿದ್ರು, ಜಿಎಸ್‌ಟಿ ನಂಬರ್ ಇಲ್ಲ ಅಂತ ಅಕೌಂಟ್ಸ್‌ನೋರು ಎರಡು ಸಲ ವಾಪಸ್ ಕಳ್ಸಿದಾರೆ. ದುಡ್ಡು ನನ್ ಕಾರ್ಡಿಂದ ಹೋಗಿರೋದು.