ಸಂಗಾತಿಗೆ ಎಚ್‌ಐವಿ ವಿಷಯ ಹೇಳುವುದು ಹೇಗೆ?

ನಾನು ಎಚ್‌ಐವಿ ಆಪ್ತಸಮಾಲೋಚಕಿ. "ಮನೆಯವರಿಗೆ ಹೇಗೆ ಹೇಳ್ಲಿ ಮೇಡಂ?" ಅನ್ನುವ ಪ್ರಶ್ನೆ ನನಗೆ ಹೊಸದಲ್ಲ. ಹೇಳಲೇಬೇಕು ಅಂತ ನಾನು ಯಾರ ಮೇಲೂ ಒತ್ತಾಯ ಹಾಕುವುದಿಲ್ಲ. ಒತ್ತಾಯ ಮಾಡಿದರೆ ತಲೆಯಾಡಿಸಿ ಹೋದವರು ಮತ್ತೆ ಈ ಕಡೆ ಬರುವುದಿಲ್ಲ.

ಬದಲಿಗೆ ಕೇಳುತ್ತೇನೆ: ಗೊತ್ತಾದರೆ ಅವರು ಏನು ಮಾಡಬಹುದು? "ಅಳ್ತಾರೆ, ಮಾತು ಬಿಡ್ತಾರೆ" ಅಂದರೆ ಮುಂದಕ್ಕೆ ಹೋಗಬಹುದು. "ಹೊಡೀತಾರೆ" ಅಂದರೆ ಅಲ್ಲಿಗೇ ನಿಲ್ಲಿಸಿ. ಮನೆಯಲ್ಲಿ ಒಬ್ಬರೇ ಕೂತು ಹೇಳಬೇಡಿ. ನೀವು ಒಪ್ಪಿದರೆ ಆರೋಗ್ಯ ಸಿಬ್ಬಂದಿ ನಿಮ್ಮ ಹೆಸರು ಎತ್ತದೆಯೇ ಸಂಗಾತಿಯನ್ನು ಟೆಸ್ಟ್‌ಗೆ ಕರೆಯುವ ದಾರಿಯೂ ಇದೆ. ಆದರೆ ಇರುವುದು ಒಬ್ಬರೇ ಸಂಗಾತಿಯಾದರೆ ಹೆಸರು ಊಹಿಸುವುದು ಕಷ್ಟವಲ್ಲ, ಅದನ್ನೂ ಸಿಬ್ಬಂದಿ ಜೊತೆ ಮೊದಲೇ ಮಾತಾಡಿಕೊಳ್ಳಿ.

ಹೇಳುವ ಮುಂಚೆ ನಿಮ್ಮ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ) ರಿಪೋರ್ಟ್ ಕೈಯಲ್ಲಿರಲಿ. ಎಆರ್‌ಟಿ ಮಾತ್ರೆ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ, ತಪ್ಪದೆ ತಗೊಂಡು ವೈರಲ್ ಲೋಡ್ ಒಂದು ಮಿಲಿಲೀಟರ್ ರಕ್ತಕ್ಕೆ 200 ವೈರಸ್ ಪ್ರತಿಗಳಿಗಿಂತ ಕೆಳಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಹರಡುವುದಿಲ್ಲ. ಸುಮ್ನೆ ಸಮಾಧಾನದ ಮಾತಲ್ಲ ಇದು. 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದು, ಕಾಂಡೋಮ್ ಬಳಸದ 782 ಗಂಡು ಜೋಡಿಗಳನ್ನು ಗಮನಿಸಿದ್ದರು. ಮಾತ್ರೆಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಸೋಂಕು ತಗುಲಲಿಲ್ಲ. ಅದಕ್ಕೂ ಮುಂಚಿನ ಅಧ್ಯಯನದಲ್ಲಿ ಗಂಡು-ಹೆಣ್ಣು ಜೋಡಿಗಳೂ ಇದ್ದರು, ಫಲಿತಾಂಶ ಅದೇ. ಲೋಡ್ ಇಳಿಯಲು ಆರು ತಿಂಗಳವರೆಗೂ ಬೇಕಾಗಬಹುದು. ಅಲ್ಲಿಯವರೆಗೆ ಕಾಂಡೋಮ್ ಬೇಕೇ ಬೇಕು.

ಈಗಷ್ಟೇ ಪಾಸಿಟಿವ್ ಬಂದಿದ್ದು, ಕಳೆದ 72 ಗಂಟೆಯೊಳಗೆ ಕಾಂಡೋಮ್ ಇಲ್ಲದೆ ಸೇರಿದ್ದರೆ ಮಾತ್ರ ರಿಪೋರ್ಟಿಗೆ ಕಾಯಬೇಡಿ. ಸಂಗಾತಿಗೆ 28 ದಿನದ ಪಿಇಪಿ (ಸಂಪರ್ಕವಾದ ಮೇಲೂ ಸೋಂಕು ತಡೆಯುವ) ಮಾತ್ರೆ ಶುರು ಮಾಡಬಹುದು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಇನ್ನು ಮಾತು. "ಒಂದು ಕೆಟ್ಟ ಸುದ್ದಿ ಇದೆ, ಕೋಪ ಮಾಡ್ಕೋಬೇಡ" ಅಂತ ಸುತ್ತಿ ಬಳಸಿ ಬಂದರೆ ಎದುರಿನವರು ಅಷ್ಟರಲ್ಲಿ ಏನೇನೋ ಊಹಿಸಿಕೊಂಡು ಮುಗಿಸಿರುತ್ತಾರೆ. ನಾನು ಹೇಳಿಕೊಡುವುದು ಇಷ್ಟೇ: "ನಂಗೆ ಎಚ್‌ಐವಿ ಇದೆ. ಮಾತ್ರೆ ತಗೋತಾ ಇದ್ದೀನಿ. ನೀನೂ ಟೆಸ್ಟ್ ಮಾಡಿಸ್ಕೋಬೇಕು, ನಾನೂ ಜೊತೆಗೆ ಬರ್ತೀನಿ." ಆಮೇಲೆ ಸುಮ್ಮನಿರಿ. ಈ ಸುಮ್ಮನಿರುವುದೇ ಎಲ್ಲರಿಗೂ ಕಷ್ಟ. ಕುಡಿದಿರುವಾಗ, ಹಾಸಿಗೆಯಲ್ಲಿ, ಕೆಲಸಕ್ಕೆ ಹೊರಟು ನಿಂತಾಗ ಹೇಳಬೇಡಿ.

ನನ್ನ ಕೋಣೆಯಲ್ಲಿ ಇದನ್ನು ರಿಹರ್ಸಲ್ ಮಾಡಿಸುತ್ತೇನೆ. ಸಂಗಾತಿಯ ಪಾತ್ರ ನನ್ನದು. ನಾನು ಮೊದಲು ಕೇಳುವುದೇ "ಯಾರ ಹತ್ರ ಹೋಗಿದ್ದೆ?" ಅಂತ. ಬಾಯಿ ಕಟ್ಟಿಹೋಗುತ್ತದೆ. ಬೈದರೆ ಬೈಸಿಕೊಳ್ಳಲಿ ಅಂತಲ್ಲ, ಆ ಪ್ರಶ್ನೆ ಮೊದಲ ಸಲ ಮನೆಯಲ್ಲಿ ಕೇಳಿಸಬಾರದು. ಉತ್ತರ ಹೀಗಿರಲಿ: "ಅದನ್ನೂ ಮಾತಾಡೋಣ. ಮೊದಲು ನಿನ್ನ ಟೆಸ್ಟ್ ಆಗ್ಲಿ." ಒಂದು ಮಾತು ನೆನಪಿಡಿ: ಮೊದಲು ಟೆಸ್ಟ್ ಆದವರಿಂದಲೇ ಸೋಂಕು ಬಂದಿರಬೇಕು ಅಂತೇನಿಲ್ಲ. ವರ್ಷಗಟ್ಟಲೆ ಲಕ್ಷಣವೇ ಇಲ್ಲದೆ ಇರಬಹುದು.

ಬೇರೆ ಯಾರಿಗೂ ಹೇಳಬೇಡ ಅಂತ ಅದೇ ದಿನ ಕೇಳಿಕೊಳ್ಳಿ. ಅವರಿಗೂ ಮನಸ್ಸು ಹಗುರ ಮಾಡಿಕೊಳ್ಳಲು ಯಾರಾದರೂ ಬೇಕು, ಅಲ್ವಾ? ಅದಕ್ಕೆ ಆಪ್ತಸಮಾಲೋಚಕರ ನಂಬರ್ ಕೊಡಿ. ಸಂಗಾತಿಗೆ ನೆಗೆಟಿವ್ ಬಂದರೂ ಮೂರು ತಿಂಗಳ ನಂತರ ಇನ್ನೊಮ್ಮೆ ಟೆಸ್ಟ್ ಮಾಡಿಸಿ. ಸೋಂಕು ಹೊಸದಾಗಿದ್ದರೆ ಮೊದಲ ಟೆಸ್ಟ್‌ನಲ್ಲಿ ಕಾಣದೇ ಇರಬಹುದು.